ನಾನು ಇಳಿದ ಮೇಲಿನ ದಾರಿ

ನಮ್ಮಪ್ಪನಿಗೆ ಕಣ್ಣು ಸರಿಯಾಗಿ ಕಾಣುತ್ತಿಲ್ಲ ಎಂಬುದು ಇಡೀ ಬಸ್ಸಿಗೆ ಗೊತ್ತಿತ್ತು, ಆ ಬಸ್ಸು ಓಡಿಸುತ್ತಿದ್ದ ಅಪ್ಪನೊಬ್ಬನನ್ನು ಬಿಟ್ಟು. ಹೀಗೆಂದರೆ ಈಗಿನವರು ನಗುತ್ತಾರೆ. ನಗಲಿ, ಆಗ ನಾವೂ ನಕ್ಕಿದ್ದೆವು.

ಎಪ್ಪತ್ತರ ದಶಕದ ನಡುವಿನ ಮಾತು. ಸೊರಬದಿಂದ ಶಿಕಾರಿಪುರಕ್ಕೆ ಹೋಗಿ ಬರುವ ಒಂದು ಖಾಸಗಿ ಬಸ್ಸಿಗೆ ಅಪ್ಪ ಡ್ರೈವರ್. ಬಸ್ಸು ರಾತ್ರಿ ತಂಗುತ್ತಿದ್ದದ್ದು ಸೊರಬದಲ್ಲಿ, ನಮ್ಮ ಮನೆಯೂ ಅಲ್ಲೇ. ಶಿರಾಳಕೊಪ್ಪಕ್ಕೆ ಸ್ವಲ್ಪ ಮೊದಲು ಸಿಗುವ ಒಂದು ಹಳ್ಳಿಯಲ್ಲಿ ನಾನು ಪ್ರೈಮರಿ ಶಾಲೆಯ ಟೀಚರಾಗಿದ್ದೆ. ಬೆಳಿಗ್ಗೆ ಅಪ್ಪನ ಬಸ್ಸಿನಲ್ಲಿ ಹೋಗುವುದು, ಸಂಜೆ ಅದೇ ಬಸ್ಸಿನಲ್ಲಿ ಬರುವುದು. ಡ್ರೈವರನ ಎಡಕ್ಕೆ, ಬಿಸಿ ಬಾನೆಟ್ಟಿನ ಆಚೆಗೆ, ಒಂದು ಸಣ್ಣ ಸೀಟು ಇತ್ತು. ಅದು ‘ಅಕ್ಕೋರ ಸೀಟು’. ನಮ್ಮ ಕಡೆ ಟೀಚರಮ್ಮನನ್ನು ಹಾಗೆ ಕರೆಯುತ್ತಿದ್ದರು. ಬಸ್ಸು ಎಷ್ಟೇ ತುಂಬಿದ್ದರೂ ಅಲ್ಲಿ ಇನ್ನೊಬ್ಬರು ಕೂರುತ್ತಿರಲಿಲ್ಲ.

ಆಗ ಡ್ರೈವರ್ ಎಂದರೆ ಸಣ್ಣ ಮನುಷ್ಯನಲ್ಲ. ಅಪ್ಪ ಆ ರಸ್ತೆಯಲ್ಲಿ ಇಪ್ಪತ್ತೈದು ವರ್ಷ ಬಸ್ಸು ಓಡಿಸಿದ್ದ. ಯಾರ ಮಗಳು ಬಸುರಿ, ಯಾರಿಗೆ ಶಿಕಾರಿಪುರದ ಕೋರ್ಟಿನಲ್ಲಿ ವಾಯಿದೆ, ತೊಗರ್ಸಿ ದೇವಸ್ಥಾನಕ್ಕೆ ಹೋಗುವ ಮುದುಕರು ಯಾವ ಸೋಮವಾರ ಬರುತ್ತಾರೆ, ಎಲ್ಲ ಅವನ ನಾಲಿಗೆಯ ತುದಿಯಲ್ಲಿ. ಹೊಲದ ಬದುವಿನ ಮೇಲೆ ಓಡಿ ಬರುತ್ತಿರುವವರನ್ನು ಮೂರು ಫರ್ಲಾಂಗು ದೂರದಿಂದಲೇ ಗುರುತು ಹಿಡಿದು ಬಸ್ಸು ನಿಲ್ಲಿಸಿಕೊಂಡು ಕಾಯುತ್ತಿದ್ದ. ಹೋಟೆಲಿನವರು ಅವನಿಗೆಂದೇ ಬೇರೆ ಲೋಟ ಇಟ್ಟಿದ್ದರು. ಮಾಲೀಕರ ಕಾಗದಗಳಲ್ಲಿ ಅವನ ವಯಸ್ಸು ಐವತ್ತೆರಡಕ್ಕೆ ನಿಂತು ಎಷ್ಟೋ ವರ್ಷಗಳಾಗಿದ್ದವು. ನಿಜವಾಗಿ ಅರವತ್ತು ದಾಟಿತ್ತು.

ಕುಪ್ಪಗಡ್ಡೆಯಲ್ಲಿದ್ದ ನನ್ನ ಅಜ್ಜಿಗೆ, ಅಂದರೆ ಅವ್ವನ ತಾಯಿಗೆ, ಕಣ್ಣಿಗೆ ಪೊರೆ ಬಂದಿತ್ತು. ಹಾಗಾಗಿ ನನಗೆ ಅದರ ಚಾಳಿಗಳೆಲ್ಲ ಗೊತ್ತು. ಅಜ್ಜಿ ದೀಪಕ್ಕೆ ಬೆನ್ನು ಹಾಕಿ ಕೂರುತ್ತಿದ್ದಳು. ಲೋಟ ಎತ್ತಿಕೊಳ್ಳುವ ಮೊದಲು ನೆಲ ಸವರುತ್ತಿದ್ದಳು. ಕರೆದವರ ಮುಖ ನೋಡದೆ ದನಿಯ ಕಡೆ ಕಿವಿ ಕೊಡುತ್ತಿದ್ದಳು. ಒಂದು ದಿನ ಅಪ್ಪ ತಟ್ಟೆಯ ಪಕ್ಕದ ನೀರಿನ ಚೊಂಬಿಗೆ ಹಾಗೆಯೇ ನೆಲ ಸವರಿದ್ದನ್ನು ಕಂಡು ಚೊಂಬನ್ನು ನಾನೇ ಅವನ ಕೈ ಹತ್ತಿರ ಸರಿಸಿದೆ. ಆ ರಸ್ತೆಯ ಹಣೆಬರಹವೂ ಹಾಗೇ ಇತ್ತು. ಬೆಳಿಗ್ಗೆ ಶಿಕಾರಿಪುರಕ್ಕೆ ಹೋಗುವಾಗ ಸೂರ್ಯ ಎದುರಿಗೆ, ಸಂಜೆ ಸೊರಬಕ್ಕೆ ಮರಳುವಾಗಲೂ ಸೂರ್ಯ ಎದುರಿಗೆ. ಪೊರೆ ಬಂದ ಕಣ್ಣಿಗೆ ಎದುರು ಬಿಸಿಲಿನಷ್ಟು ದೊಡ್ಡ ಶತ್ರು ಇಲ್ಲ.

ಅಪ್ಪ ಮಾತ್ರ ಬಸ್ಸಿನ ಮುಂದಿನ ಗಾಜನ್ನು ಬೈಯುತ್ತಿದ್ದ. ದಿನಾ ಬೆಳಿಗ್ಗೆ ಹಳೇ ಪೇಪರು ಒದ್ದೆ ಮಾಡಿಕೊಂಡು ಗಾಜು ಉಜ್ಜುತ್ತಿದ್ದ. "ಗಾಜಿಗೆ ವಯಸ್ಸಾತು, ಮಂಜಾಗ್ಯದೆ" ಎಂದು ಮಾಲೀಕರಿಗೆ ದೂರು ಕೊಟ್ಟ. ಅವನ ಮಾತನ್ನು ಅವರು ಎಂದೂ ತೆಗೆದುಹಾಕಿದವರಲ್ಲ, ಹೊಸ ಗಾಜನ್ನೇ ಹಾಕಿಸಿಕೊಟ್ಟರು. ಅಪ್ಪ ಎರಡು ದಿನ "ಈಗ ನೋಡು, ಕನ್ನಡಿ ಕನ್ನಡಿ" ಎಂದು ಹೊಗಳಿದ. ಮೂರನೆಯ ದಿನ ಆ ಗಾಜೂ ಸರಿಯಿಲ್ಲ, ಕಳಪೆ ಮಾಲು ಎಂದ. ನನಗೆ ಅಳುವೂ ಬಂತು, ಸಿಟ್ಟೂ ಬಂತು.

ಆಮೇಲೆ ಹುತ್ತದ ಪ್ರಕರಣ ನಡೆಯಿತು. ಸೊರಬ ಬಿಟ್ಟು ನಾಲ್ಕೈದು ಮೈಲಿ ಆಚೆ ರಸ್ತೆಯ ಪಕ್ಕದಲ್ಲಿ ಆಳೆತ್ತರದ ಒಂದು ಹುತ್ತವಿತ್ತು. ಒಂದು ಬೆಳಿಗ್ಗೆ ಅಪ್ಪ ಅದರ ಮುಂದೆ ಬಸ್ಸು ನಿಲ್ಲಿಸಿ ಹಾರನ್ ಹೊಡೆದ. ಯಾರೂ ಹತ್ತಲಿಲ್ಲ. ಮತ್ತೆ ಹಾರನ್ ಹೊಡೆದು, "ಹತ್ತಾ ಮಾರಾಯ, ಎಂತ ನೋಡ್ತಾ ನಿಂತೀಯಾ?" ಎಂದು ಹುತ್ತವನ್ನು ಗದರಿಸಿದ. ಬಸ್ಸಿನಲ್ಲಿ ಕಿಸಕ್ಕೆಂದು ನಗು ಹುಟ್ಟಿತು. ಕಂಡಕ್ಟರ್ ಶಿಕಾರಿಪುರದವರು, ಕಲಾಯಿ ಹಾಕುವ ಮುಸ್ಲಿಂ ಮನೆತನದವರು, ಹನ್ನೆರಡು ವರ್ಷದಿಂದ ಅಪ್ಪನ ಜೊತೆಗಾರ. ನಾವೆಲ್ಲ ಅವರನ್ನು ಸಾಬರು ಎನ್ನುತ್ತಿದ್ದೆವು. ಅವರು ನಗು ದೊಡ್ಡದಾಗಲು ಬಿಡಲಿಲ್ಲ. "ನಗ್ತೀರಲ್ರೀ? ಅಣ್ಣಾರು ನಾಗಪ್ಪಗ ಕೈ ಮುಗಿಯಾಕ ನಿಲ್ಸ್ಯಾರ. ನೀವೂ ಮುಗೀರಿ" ಎಂದರು.

ನಗುತ್ತಿದ್ದವರು ಗಪ್ಪಾಗಿ ಕೈ ಮುಗಿದರು. ಅಪ್ಪನೂ ಒಂದು ಕ್ಷಣ ತಡವರಿಸಿ ಮುಗಿದ. ಮಾರನೆಯ ದಿನ ಹುತ್ತ ಬರುವ ಹೊತ್ತಿಗೆ ಒಬ್ಬ ಹೆಂಗಸು, "ಡ್ರೈವರಣ್ಣ, ನಾಗಪ್ಪನ ಹತ್ರ ನಿಲ್ಸಿ" ಎಂದಳು. ವಾರದೊಳಗೆ ಅದು ಪದ್ಧತಿಯಾಯಿತು. ತಿಂಗಳೊಳಗೆ ಹುತ್ತಕ್ಕೆ ಅರಿಶಿನ ಕುಂಕುಮ ಬಿತ್ತು, ಯಾರೋ ಒಂದು ಚಪ್ಪರ ಹಾಕಿದರು. ದೈವಭಕ್ತ ಡ್ರೈವರ್ ಎಂದು ಅಪ್ಪನ ಹೆಸರು ಆನವಟ್ಟಿಯವರೆಗೂ ಹೋಯಿತು. ಕುರುಡುತನಕ್ಕೆ ಕೈ ಮುಗಿದ ಊರು ನಮ್ಮದು. ಮುಗಿದ ಕೈಗಳಲ್ಲಿ ನನ್ನವೂ ಇದ್ದವು.

ಹುತ್ತಕ್ಕೆ ಮೊದಲ ಸಲ ಕೈ ಮುಗಿದ ದಿನ ಸಂಜೆ, ಬಸ್ಸು ಖಾಲಿಯಾದ ಮೇಲೆ, ನಾನು ಸಾಬರನ್ನು ಕೇಳಿದೆ, ಹೀಗೆ ಮುಚ್ಚಿದರೆ ಹೇಗೆ ಎಂದು.

"ಮತ್ತೇನು ಮಾಡ್ಲಿ ಹೇಳ್ರಿ ಅಕ್ಕೋರೇ? ಐವತ್ತು ಮಂದಿ ಮುಂದ ಅಣ್ಣಾರ ಮರ್ಯಾದಿ ತಗೀಲ್ಯಾ?"

"ನೀವೇ ಬೇರೆ ಕರೆದು ಹೇಳಿ."

"ನನಗ ಕೆಲಸ ಕಲಿಸಿದ ಮನುಷ್ಯಾರೀ ಅವರು. ನಿಮಗ ಕಣ್ಣು ಹೋಗ್ಯಾವ ಅಂತ ನಾ ಹೇಳ್ಲಾ? ನೀವು ಮಗಳು, ನೀವು ಹೇಳ್ರಿ."

ಮನೆಗೆ ಬಂದು ಅವ್ವನಿಗೆ ಹೇಳಿದೆ. ಅವ್ವ ಒಲೆಯ ಮುಂದಿನಿಂದ ಏಳಲೂ ಇಲ್ಲ. "ನಂಗೆ ಗೊತ್ತಿಲ್ದೇ ಏನು? ಆದ್ರೆ ಸ್ಟೇರಿಂಗ್ ಬಿಟ್ರೆ ನಿಮ್ಮಪ್ಪ ಬದುಕ್ತಾರಾ? ಜಗಲಿ ಮೇಲೆ ಕೂತ್ಕಂಡು ಹೋಗಿ ಬರೋ ಬಸ್ಸಿನ ಸದ್ದು ಕೇಳ್ತಾ ಕೂರೋ ಮನುಷ್ಯರಾ ಅವ್ರು? ನೀನು ಹೆಂಗೂ ಪಕ್ಕದಲ್ಲೇ ಕೂರ್ತೀಯಲ್ಲ, ಸ್ವಲ್ಪ ನೋಡ್ಕ್ಯಾ" ಎಂದಳು.

ಸಾಬರು ನನ್ನ ಮೇಲೆ ಹಾಕಿದರು, ಅವ್ವ ನನ್ನ ಮೇಲೆ ಹಾಕಿದಳು. ನಾನು ಯಾರ ಮೇಲೂ ಹಾಕಲಿಲ್ಲ, ಆದರೆ ಹೇಳಲೂ ಇಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವಂಥ ಒಂದು ಉಪಾಯ ಕಂಡುಕೊಂಡೆ. ಎದುರಿಗೆ ಗಾಡಿ ಬಂದರೆ "ಅಪ್ಪಾ, ಆ ಎತ್ತಿನ ಜೋಡಿ ನೋಡು, ಎಷ್ಟು ಲಾಯ್ಕಾಗಿವೆ" ಎನ್ನುತ್ತಿದ್ದೆ. ಸೈಕಲ್ಲು ಬಂದರೆ "ಆ ಸೈಕಲ್ಲಿನವನ ರುಮಾಲು ನೋಡು". ಕುರಿ ಹಿಂಡು ಬಂದರೆ "ಅಬ್ಬಾ, ಎಷ್ಟು ಕುರಿ, ಎಣಿಸೋಕಾಗಲ್ಲ". ಅಪ್ಪ "ಹೂಂ, ಕಂಡೆ" ಎಂದು ಸರಿಯಾಗಿ ಪಕ್ಕಕ್ಕೆ ಸ್ಟೇರಿಂಗ್ ತಿರುಗಿಸುತ್ತಿದ್ದ. ಹಿಂದೆ ಕೂತವರಿಗೆ ನಾನೊಬ್ಬಳು ವಾಚಾಳಿ ಅಕ್ಕೋರು. ಮದುವೆಯಾಗದ ಹೆಣ್ಣು, ಕಂಡದ್ದನ್ನೆಲ್ಲ ಹೊಗಳುತ್ತಾಳೆ ಎಂದು ಆಡಿಕೊಂಡದ್ದೂ ಕಿವಿಗೆ ಬಿದ್ದಿತ್ತು.

ನಿಜ ಹೇಳಬೇಕೆಂದರೆ ನನಗೆ ಆ ಉಪಾಯದ ಬಗ್ಗೆ ಜಂಬವಿತ್ತು. ಅಪ್ಪನ ಮಾನ ಉಳಿಸುತ್ತಿದ್ದೇನೆ, ಬಸ್ಸಿನವರ ಜೀವ ಉಳಿಸುತ್ತಿದ್ದೇನೆ ಎಂದುಕೊಂಡಿದ್ದೆ. ಒಂದು ವರ್ಷಕ್ಕೂ ಮೀರಿ ಹೀಗೆ ನಡೆಯಿತು. ಬೆಳಿಗ್ಗೆ ನನ್ನ ಶಾಲೆ ಬರುತ್ತಿತ್ತು, ನಾನು ಇಳಿಯುತ್ತಿದ್ದೆ, ಬಸ್ಸು ಶಿರಾಳಕೊಪ್ಪದ ಕಡೆ ಹೋಗುತ್ತಿತ್ತು. ಶಿಕಾರಿಪುರಕ್ಕೆ ಇನ್ನೂ ಅರ್ಧಕ್ಕಿಂತ ಹೆಚ್ಚು ದಾರಿ ಇರುತ್ತಿತ್ತು. ಆ ದಾರಿಯ ಬಗ್ಗೆ ನಾನು ಯೋಚಿಸುತ್ತಿರಲಿಲ್ಲ. ಮಕ್ಕಳು "ನಮಸ್ತೇ ಅಕ್ಕೋರೇ" ಎಂದು ರಾಗ ಎಳೆಯುತ್ತಿದ್ದರು, ನಾನು ಹಾಜರಿ ಪುಸ್ತಕ ತೆಗೆಯುತ್ತಿದ್ದೆ.

ಸುಗ್ಗಿಯ ಕಾಲದಲ್ಲಿ ನಮ್ಮ ಕಡೆ ಹುರುಳಿ ಕಿತ್ತು ತಂದು ಟಾರು ರಸ್ತೆಯ ಮೇಲೆ ಹಾಸುತ್ತಿದ್ದರು. ಬಸ್ಸು, ಲಾರಿ ಅದರ ಮೇಲೆ ಹಾಯ್ದರೆ ಕಾಳು ಉದುರುತ್ತದೆ, ಕಣ ಮಾಡುವ, ಎತ್ತು ತುಳಿಸುವ ಕೆಲಸ ತಪ್ಪುತ್ತದೆ. ಕೆಲವು ಡ್ರೈವರುಗಳು ಬೈದುಕೊಂಡು ಪಕ್ಕಕ್ಕೆ ಹೋಗುತ್ತಿದ್ದರು. ಅಪ್ಪ ಹಾಗಲ್ಲ. ಬಸ್ಸು ನಿಧಾನ ಮಾಡಿ, ಚಕ್ರ ಸರಿಯಾಗಿ ಬಳ್ಳಿಯ ಮೇಲೇ ಹಾಯುವಂತೆ ಓಡಿಸುತ್ತಿದ್ದ. ಅಂಚಿನಲ್ಲಿ ಹಾಸದೆ ಗುಡ್ಡೆಯಾಗಿ ಬಿಟ್ಟದ್ದು ಕಂಡರೆ ಅದರ ಮೇಲೂ ಒಂದು ಗಾಲಿ ಹತ್ತಿಸಿ ಹರಡಿಕೊಡುತ್ತಿದ್ದ. "ಬಡವ್ರು, ಒಂದು ಕೆಲಸ ಆದ್ರೆ ಆಗ್ಲಿ" ಎನ್ನುತ್ತಿದ್ದ. ಸುಗ್ಗಿ ಮುಗಿದ ಮೇಲೆ ಆ ಮನೆಗಳಿಂದ ನಮ್ಮ ಮನೆಗೆ ಎರಡು ಸೇರು ಹುರುಳಿ ಬರುತ್ತಿತ್ತು. ಅವ್ವ ಕಟ್ಟು ಸಾರು ಮಾಡುತ್ತಿದ್ದಳು.

ಅಂಥದೇ ಒಂದು ಸುಗ್ಗಿಯ ದಿನ ಸಂಜೆ ಬಸ್ಸು ಬರಲಿಲ್ಲ. ಶಾಲೆಯ ಜಗಲಿಯಲ್ಲಿ ಕಾದು ಕಾದು ಸಾಕಾಗಿ ನಿಂತಿದ್ದಾಗ ಒಂದು ಲಾರಿಯಿಂದ ಸಾಬರು ಇಳಿದರು. ಅವರ ಕಾಕಿ ಅಂಗಿಯ ತೋಳಿಗೆ ರಕ್ತ ಹತ್ತಿತ್ತು.

"ಅಣ್ಣಾರಿಗೆ ಏನೂ ಆಗಿಲ್ರೀ" ಎಂದರು ಮೊದಲು. ಆಮೇಲೆ ಅಲ್ಲೇ ಮೆಟ್ಟಿಲ ಮೇಲೆ ಕೂತು ಹೇಳಿದರು.

ಬೆಳಿಗ್ಗೆ ಶಿರಾಳಕೊಪ್ಪ ದಾಟಿದ ಮೇಲೆ ಒಂದು ಹಳ್ಳಿಯ ಮುಂದೆ ಹುರುಳಿ ಹಾಸಿದ್ದರು. ಕುರಿ ಸಾಕುವ ಮನೆಯ ಒಬ್ಬ ಮುದುಕಿ ಆ ಹುರುಳಿಯ ಅಂಚಿನಲ್ಲಿ ಕೂತು ಸಿಡಿದ ಕಾಳು ಗುಡಿಸಿಕೊಳ್ಳುತ್ತಿದ್ದಳು. ಚಳಿಗೆ ತಲೆಯಿಂದ ಕಾಲಿನವರೆಗೆ ಕಂಬಳಿ ಹೊದ್ದಿದ್ದಳು. ಕಿವಿಯೂ ಮಂದ, ಬಸ್ಸಿಗೆ ಬೆನ್ನು ಹಾಕಿ ಕೂತಿದ್ದಳು. ಅಪ್ಪ ಬಸ್ಸು ನಿಧಾನ ಮಾಡಿದ. ನಿಧಾನ ಮಾಡಿ ಅವಳ ಕಡೆಗೇ ತಿರುಗಿಸಿದ.

"ನಾ ಹಿಂದ ಟಿಕೀಟ್ ಹರೀತಿದ್ದೆ. ಮುಂದಿನವ್ರು ಕೂಗಿದ್ಮ್ಯಾಲೆ ಸೀಟಿ ಊದ್ದೆ, ಅಷ್ಟ್ರಾಗ ಗಾಲಿ ಹತ್ತಿತ್ರೀ. ಇಳಿದು ಬಂದು ಅಣ್ಣಾರು ಏನಂದ್ರು ಗೊತ್ತಾ? ‘ಹುರುಳಿ ಗುಡ್ಡಿ ಅಂತ ಮಾಡಿದ್ನಲ್ಲೋ, ಹರಡಿಕೊಡಾನ ಅಂತ ಹತ್ತಿಸಿದ್ನಲ್ಲೋ’ ಅಂತ." ಇಷ್ಟು ಹೇಳಿ ಸಾಬರು ಮುಖ ಮುಚ್ಚಿಕೊಂಡರು.

ಮುದುಕಿ ಸಾಯಲಿಲ್ಲ. ಎಡಗಾಲನ್ನು ಮೊಣಕಾಲಿನ ಕೆಳಗೆ ತೆಗೆದರು. ಎರಡು ದಿನ ಬಿಟ್ಟು ಅಪ್ಪನೂ ನಾನೂ ಶಿಕಾರಿಪುರದ ಆಸ್ಪತ್ರೆಗೆ ಹೋದೆವು. ನಾನು ಬೈಗುಳಕ್ಕೂ ಏಟಿಗೂ ಸಿದ್ಧಳಾಗಿ ಹೋಗಿದ್ದೆ. ಮುದುಕಿಯ ಮಗ ಮಂಚದ ಪಕ್ಕದಿಂದ ಎದ್ದು ಬಂದು ಅಪ್ಪನ ಕೈ ಹಿಡಿದುಕೊಂಡ. "ನಮ್ದಾ ತಪ್ಪು ಯಜಮಾನ್ರೇ. ರಸ್ತ್ಯಾಗ ಕುಂದರಬ್ಯಾಡ ಅಂತ ಎಷ್ಟ್ ಹೇಳಿದ್ರೂ ನಮ್ಮವ್ವ ಕೇಳಲಿಲ್ಲ. ನಾಗಪ್ಪಗ ಬಸ್ ನಿಲ್ಸಿ ಕೈ ಮುಗಿಯೋ ಮನುಷ್ಯಾರು, ನೀವು ಕಂಡೂ ಕಂಡೂ ಹಾಯಿಸ್ತೀರೇನ್ರಿ?" ಎಂದ. ಹಾಸಿಗೆಯ ಮೇಲೆ ಮುದುಕಿ ಕಂಬಳಿ ಚಪ್ಪಟೆಯಾಗಿದ್ದ ಕಡೆ ಸುಮ್ಮನೆ ನೋಡುತ್ತಿದ್ದಳು. ಅವಳನ್ನು ಯಾರೂ ಏನೂ ಕೇಳಲಿಲ್ಲ.

ಪೊಲೀಸರು ಬಂದು ಬರೆದುಕೊಂಡು ಹೋದರು. ಸಾಕ್ಷಿ ಹೇಳಿದವರೆಲ್ಲ ಒಂದೇ ಮಾತು ಹೇಳಿದರು: ಮುದುಕಿ ಹುರುಳಿಯ ಬಣ್ಣಕ್ಕೇ ಹೊಂದಿಕೊಂಡಿದ್ದಳು, ಎಂಥ ಕಣ್ಣಿಗೂ ಕಾಣುತ್ತಿರಲಿಲ್ಲ. ಅಪ್ಪ ಆ ಮಾತನ್ನು ಮೊದಲ ದಿನ ಕೇಳಿಸಿಕೊಂಡ, ಎರಡನೆಯ ದಿನ ತಾನೇ ಹೇಳಿದ, ನಾಲ್ಕನೆಯ ದಿನದ ಹೊತ್ತಿಗೆ ಪೂರ್ತಿ ನಂಬಿದ. ಭಾನುವಾರ ಮಧ್ಯಾಹ್ನ ಮಾಲೀಕರ ಕಡೆಯವರು ಬಂದು, "ನಾಳೆಯಿಂದ ಬಸ್ಸಿಗೆ ಬರ್ಬೇಕಂತೆ. ನಿಮ್ಮನ್ನ ಬಿಟ್ರೆ ಆ ಲೈನಿಗೆ ಬೇರೆ ಯಾರು?" ಎಂದು ಹೇಳಿ ಹೋದರು. ಅಪ್ಪ ಕಾಕಿ ಅಂಗಿಯನ್ನು ಇಸ್ತ್ರಿ ಮಾಡಿಸಿಕೊಂಡು ಬಂದ.

ಆ ಸಂಜೆ ಅಪ್ಪ ಜಗಲಿಯಲ್ಲಿ ಪಡುವಣಕ್ಕೆ ಮುಖ ಮಾಡಿ ಕೂತಿದ್ದ. ಅವ್ವ ನೀರು ತುಂಬಿದ ಕೊಡ ಹೊತ್ತು ಬೇಲಿಯ ಬಾಗಿಲ ಹತ್ತಿರ ಬಂದಳು. ನಾನು ತುಟಿಯ ಮೇಲೆ ಬೆರಳಿಟ್ಟು, ಅಲ್ಲೇ ನಿಲ್ಲು ಎಂದು ಅವಳಿಗೆ ಕೈ ಮಾಡಿದೆ. ಅವ್ವ ಏನೂ ತಿಳಿಯದೆ ಕೊಡ ಹೊತ್ತೇ ನಿಂತಳು. ಅಂಗಳ ನಮ್ಮದೇನೂ ದೊಡ್ಡದಲ್ಲ, ಇಪ್ಪತ್ತು ಹೆಜ್ಜೆ ಇದ್ದರೆ ಹೆಚ್ಚು.

"ಅಪ್ಪಾ, ಬಾಗಿಲ ಹತ್ರ ಯಾರು ನಿಂತಿದಾರೆ ಹೇಳು" ಎಂದೆ.

ಅಪ್ಪ ಹಣೆಗೆ ಕೈ ಅಡ್ಡ ಹಿಡಿದ. "ಯಾರು, ಹಾಲಿನೋನು. ಒಳಗೆ ಬರಕ್ಕೆ ಹೇಳು. ಎಂತಕ್ಕೆ ಅಲ್ಲೇ ನಿಂತಾನೆ?"

ಅವ್ವ ಕೊಡವನ್ನು ಇಳಿಸಿದಳು. "ನಾನ್ರೀ" ಎಂದಳು. ಅಷ್ಟು ಸಣ್ಣ ದನಿಯಲ್ಲಿ ಅವಳು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ಅಪ್ಪ ನಗಲು ನೋಡಿದ. "ಎದುರು ಬಿಸಿಲು ಕಣೇ" ಎಂದ.

"ಬಿಸಿಲಲ್ಲ ಅಪ್ಪ" ಎಂದೆ. "ಕುಪ್ಪಗಡ್ಡೆ ಅಜ್ಜಿಗೆ ಆಗಿದ್ದೇ ನಿಂಗೂ ಆಗಿರೋದು. ಪೊರೆ ಬಂದಿದೆ. ಅವತ್ತು ಹುತ್ತದ ಹತ್ರ ನೀನು ಯಾರೋ ಮನುಷ್ಯ ಅಂತ್ಲೇ ನಿಲ್ಸಿದ್ದು. ಗಾಡಿ, ಸೈಕಲ್ಲು, ಕುರಿ ಎಲ್ಲಾ ನಾನು ಹೇಳಿದ ಮೇಲೇ ನಿಂಗೆ ಕಾಣ್ತಿದ್ದಿದ್ದು."

ಬೈಯುತ್ತಾನೆ ಎಂದುಕೊಂಡಿದ್ದೆ. ಅಪ್ಪ ಬೈಯಲಿಲ್ಲ. ಅಂಗೈ ನೋಡಿಕೊಳ್ಳುತ್ತ ಕೇಳಿದ:

"ನಿಂಗೆ ಗೊತ್ತಾಗಿ ಎಷ್ಟು ದಿನ ಆತು ಕೂಸೇ?"

"ಒಂದು ವರ್ಷದ ಮೇಲಾಯ್ತು."

"ನಿಮ್ಮವ್ವಂಗೆ?"

ಅವ್ವ ತಲೆ ತಗ್ಗಿಸಿದಳು.

"ಸಾಬ್ರಿಗೆ?"

"ಗೊತ್ತಿತ್ತು."

"ನಂಗೂ ಅನುಮಾನ ಬಂದಿತ್ತು" ಎಂದ ಅಪ್ಪ. "ಒಂದೊಂದು ಸಲ ಎದುರಿಗೆ ಹಾಲು ಚೆಲ್ದಂಗೆ ಬರೀ ಬೆಳ್ಳಗೆ ಆಗದು. ಬ್ಯಾಡಪ್ಪ, ಬಿಟ್‌ಬಿಡಣ ಅಂದ್ಕಳದು. ಆಮೇಲೆ ಪಕ್ಕಕ್ಕೆ ನೋಡಿದ್ರೆ ನೀನು ಕೂತಿರ್ತಿದ್ದೆ. ಓದಿದ ಮಗಳು, ನನ್ನ ಕಣ್ಣಿಗೆ ಏನಾದ್ರೂ ಆಗಿದ್ರೆ ದಿನಾ ಬಂದು ಇದೇ ಬಸ್ಸಲ್ಲಿ ಕೂರ್ತಿದ್ಲಾ ಅಂತ ಧೈರ್ಯ ಮಾಡ್ಕಂತಿದ್ದೆ."

ಒಂದು ವರ್ಷ ನಾನು ಸಹಾಯ ಎಂದು ಮಾಡಿದ್ದು ಇದನ್ನು. ಬೇರೆ ಯಾರೂ ಕೂರದ ಆ ಸೀಟಿನಲ್ಲಿ ಕೂತು, ಅವನಿಗೆ ಬಂದ ಅನುಮಾನವನ್ನು ದಿನದಿನವೂ ಕೊಂದೆ. ಒಂದು ದಿನ, ಒಂದೇ ಒಂದು ದಿನ, ನಿನ್ನ ಬಸ್ಸು ಹತ್ತಲು ನನಗೆ ಹೆದರಿಕೆ ಅಪ್ಪ ಎಂದಿದ್ದರೆ ಸಾಕಾಗಿತ್ತು.

ಅಪ್ಪ ಎದ್ದ. ಕಂಬ ಸವರಿಕೊಂಡು ನಡೆದ, ಈಗ ಅದನ್ನು ಮುಚ್ಚಿಡುವ ಅಗತ್ಯ ಅವನಿಗೆ ಇರಲಿಲ್ಲ. ಹೊಸಿಲ ಹತ್ತಿರ ನಿಂತು, ನನ್ನ ಕಡೆ ತಿರುಗದೆ ಕೇಳಿದ:

"ನೀನು ಶಾಲೆ ಹತ್ರ ಇಳೀತಿದ್ದೆ. ಅಲ್ಲಿಂದಾಚೆ ಬಸ್ಸಲ್ಲಿ ಕೂತೋರು, ರಸ್ತೇಲಿ ಇದ್ದೋರು, ಅವ್ರೆಲ್ಲ ಯಾರ ಮಕ್ಳು ಅಕ್ಕೋರೇ?"

ತಮಾಷೆಗೆ ಅಪ್ಪ ನನ್ನನ್ನು ಅಕ್ಕೋರೇ ಎನ್ನುವುದಿತ್ತು. ಅವತ್ತು ತಮಾಷೆ ಇರಲಿಲ್ಲ.

ಅಪ್ಪ ಮತ್ತೆ ಬಸ್ಸು ಮುಟ್ಟಲಿಲ್ಲ. ಕೆಲವು ತಿಂಗಳ ಮೇಲೆ ಶಿವಮೊಗ್ಗದಲ್ಲಿ ಆಪರೇಷನ್ ಆಗಿ ಸೋಡಾ ಬಾಟಲಿಯ ತಳದಂಥ ಕನ್ನಡಕ ಬಂತು, ಕಣ್ಣು ಕಂಡಿತು. ಅದೇ ಕಣ್ಣಿನಿಂದ ಅವನು ನನ್ನ ಮುಖವನ್ನು ನೋಡಿದಾಗಲೆಲ್ಲ ನಾನು ಬೇರೆ ಕಡೆ ನೋಡುತ್ತಿದ್ದೆ.

ಅಪ್ಪ ಬರುವುದಿಲ್ಲವೆಂದು ಹೇಳಿಕಳಿಸಿದ್ದಕ್ಕೆ ಮಾರನೆಯ ದಿನ, ಆ ಸೋಮವಾರ ಬೆಳಿಗ್ಗೆಯೇ, ಮಾಲೀಕರು ಬೇರೆ ಡ್ರೈವರನನ್ನು ಕಳಿಸಿದ್ದರು. ಅವನಿಗೂ ವಯಸ್ಸಾಗಿತ್ತು. ನಾನು ಹತ್ತಿ ನನ್ನ ಸೀಟಿನಲ್ಲಿ ಕೂತೆ. ನನ್ನ ಶಾಲೆ ಬಂತು, ಇಳಿದೆ. ಅವನ ಕಣ್ಣು ಹೇಗಿದೆ ಎಂದು ಸಾಬರು ಕೇಳಲಿಲ್ಲ, ಬಸ್ಸಿನವರು ಕೇಳಲಿಲ್ಲ, ನಾನೂ ಕೇಳಲಿಲ್ಲ.